ಪಾಚಿ ಮಾಡಿದ ಕೈ

ಹಲ್ಲಿನ ಆಸ್ಪತ್ರೆಯ ಹೊರಕೋಣೆಯಲ್ಲಿ ಮೀನಿನ ತೊಟ್ಟಿ ಇಡುವುದು ಒಳ್ಳೆಯ ಉಪಾಯವೇ. ಒಳಗಿನಿಂದ ಯಂತ್ರದ ಕೊಯ್ಯೆನ್ನುವ ಸದ್ದು ಕೇಳಿದ ಮೇಲೂ ಜನ ಚಪ್ಪಲಿ ಮೆಟ್ಟಿಕೊಂಡು ಓಡಿಹೋಗದ ಹಾಗೆ ಎರಡು ಬಣ್ಣದ ಮೀನು ಅವರನ್ನು ಹಿಡಿದು ಕೂರಿಸುತ್ತವೆ. ಆದರೆ ತೊಟ್ಟಿಗೆ ಪಾಚಿ ಹಿಡಿದರೆ ಉಪಾಯ ಹೋಗಿ ಅಪಾಯ ಬರುತ್ತದೆ. ಒಂದು ದಿನ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದ ಅಜ್ಜನೊಬ್ಬ ಆ ಹಸಿರು ಗಾಜನ್ನು ಬಹಳ ಹೊತ್ತು ನೋಡಿ, ಪಕ್ಕದವಳಿಗೆ ಹೇಳುವ ನೆಪದಲ್ಲಿ ಇಡೀ ಕೋಣೆಗೆ ಹೇಳಿದ:

"ಎದುರಿಗಿರೋ ತೊಟ್ಟಿ ಪಾಚಿನೇ ತೆಗೆಯೋಕಾಗಿಲ್ಲ. ನನ್ನ ಹಲ್ಲಿನ ಪಾಚಿ ಏನು ತೆಗೀತಾರಮ್ಮ ಇವ್ರು?"

ಕೋಣೆಯೆಲ್ಲ ನಕ್ಕಿತು. ನಗಬಾರದವರು, ಅಂದರೆ ಆಗಷ್ಟೇ ಹಲ್ಲು ಕೀಳಿಸಿಕೊಂಡವರು ಕೂಡ ಬಾಯಿ ಹಿಡಿದುಕೊಂಡು ನಕ್ಕರು. ಒಳಗೆ ಕೈಗವಸು ಬಿಚ್ಚುತ್ತಿದ್ದ ಡಾಕ್ಟ್ರಮ್ಮನ ಕಿವಿಗೂ ಅದು ಬಿತ್ತು. ಅವರು ಅವತ್ತೇ ಮೇಸ್ತ್ರಿಗೆ ಫೋನ್ ಮಾಡಿದರು.

"ಮೇಸ್ತ್ರಿ, ಹೇಗಿದೆ ಕೈ? ಮನೇಲಿ ಸುಮ್ನೆ ಕೂತು ಬೇಜಾರಾಗಿರ್ಬೇಕು ನಿಮಗೆ. ಈ ತೊಟ್ಟಿ ಕಳಿಸ್ತೀನಿ, ಪಾಚಿ ಬಿಡ್ಸಿ ಕೊಡಿ. ನೀವು ವಾಪಸ್ ಬರೋವಾಗ ಅದೂ ಬರ್ಲಿ."

ಮೇಸ್ತ್ರಿ ಎಂದರೆ ಗೋಡೆ ಕಟ್ಟುವ ಮೇಸ್ತ್ರಿಯಲ್ಲ. ಆ ಆಸ್ಪತ್ರೆಯ ಹಿಂಬದಿಯ ಸಣ್ಣ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಕಟ್ಟುವವನು. ಮೇಣದಲ್ಲಿ ಒಸಡು ಮಾಡಿ, ಒಂದೊಂದೇ ಹಲ್ಲು ನೆಟ್ಟು, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು, ಬೊಚ್ಚುಬಾಯಿಗೆ ಮತ್ತೆ ನಗು ಕೂರಿಸುವುದು ಅವನ ಕೆಲಸ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುವ ಗಾದೆಯ ಎರಡನೆಯ ಅರ್ಧವನ್ನು ಸುಳ್ಳು ಮಾಡುವುದೇ ತನ್ನ ಉದ್ಯೋಗ ಎಂದು ಅವನು ಹೇಳಿಕೊಳ್ಳುತ್ತಿದ್ದ. ಅದು ಅವನು ಮಾತಾಡುತ್ತಿದ್ದ ಕಾಲದ ಕಥೆ.

ಸೆಟ್ಟು ಮುಗಿದ ಮೇಲೆ ಅವನದೊಂದು ಪದ್ಧತಿಯಿತ್ತು. ದೀಪದ ಕೆಳಗೆ ತಿರುಗಿಸಿ ನೋಡಿದ ಮೇಲೂ ನಂಬುತ್ತಿರಲಿಲ್ಲ. ಕಣ್ಣು ಮುಚ್ಚಿ, ಬಲಗೈ ತೋರುಬೆರಳನ್ನು ಅಂಚಿನ ಉದ್ದಕ್ಕೂ ಮೆಲ್ಲಗೆ ಹಾಯಿಸುತ್ತಿದ್ದ. ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳು ಉಳಿದರೂ ಮುದುಕರ ಮೆತ್ತನೆಯ ಒಸಡು ಹುಣ್ಣಾಗುತ್ತದೆ, ಪಾಪ, ಅವರು ಊಟ ಬಿಟ್ಟು ಕೂರುತ್ತಾರೆ. ಬೆರಳು 'ಸರಿ' ಅಂದಮೇಲೇ ಸೆಟ್ಟು ಕೋಣೆಯಿಂದ ಹೊರಗೆ ಹೋಗುತ್ತಿತ್ತು.

ಏಟು ಬಿದ್ದದ್ದು ಆ ಕೈಗೇ. ರೋಗಿಯ ಬಾಯಿಯ ಅಳತೆಗೆ ಎರೆದ ಗಾರೆಯ ಅಚ್ಚನ್ನು ಎರಡೂ ಕೈಯಲ್ಲಿ ಹಿಡಿದು, ಅಂಚು ಸವೆಸುವ ಯಂತ್ರದ ತಿರುಗುವ ಬಿಲ್ಲೆಗೆ ಒತ್ತುತ್ತಿದ್ದಾಗ ಅಚ್ಚು ಸಿಡಿಯಿತು, ಕೈ ಮುಂದಕ್ಕೆ ಜಾರಿತು, ಬಿಲ್ಲೆ ಮಣಿಕಟ್ಟಿನ ಒಳಬದಿಯನ್ನು ಸೀಳಿತು. ಗಾಯವೇನೋ ಮಾಯಿತು. ನರ ಜೋಡಿಸಿದ ದೊಡ್ಡಾಸ್ಪತ್ರೆಯ ಡಾಕ್ಟರು ಮಾತ್ರ, "ಮಣಿಕಟ್ಟಿಂದ ಬೆರಳ ತುದಿವರೆಗೂ ನರ ಮತ್ತೆ ಬೆಳ್ಕೊಂಡು ಬರ್ಬೇಕು, ನಿಧಾನ" ಎಂದಿದ್ದರು. ಬರದೆ ಇದ್ದರೆ ಎಂದು ಅವನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಮಡಚುತ್ತಿದ್ದವು, ಹಿಡಿಯುತ್ತಿದ್ದವು, ಆದರೆ ಏನು ಹಿಡಿದಿದ್ದೇವೆ ಎನ್ನುವುದು ಅವಕ್ಕೆ ಗೊತ್ತಾಗುತ್ತಿರಲಿಲ್ಲ. ಉಂಗುರಬೆರಳು ಅರೆಬರೆ. ಕಿರುಬೆರಳಿಗೆ ಮಾತ್ರ ಏನೂ ಆಗಿರಲಿಲ್ಲ, ಅದು ಬೇರೆ ನರದ ಮನೆಯದು.

ಕೈ ಮರಗಟ್ಟಿದ್ದು ಕೈಯಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಮೊದಮೊದಲು ಅವನಿಗೆ ಸಿಟ್ಟು ಬರುತ್ತಿತ್ತು, ಆಮೇಲೆ ಅಳು ಬಂತು, ಆಮೇಲೆ ಎರಡೂ ನಿಂತವು. ಪಕ್ಕದ ಮನೆಯಲ್ಲಿ ಜಗಳವಾದರೆ ಕಿಟಕಿಯಿಂದ ನೋಡುತ್ತಿದ್ದ, ಯಾರು ಗೆದ್ದರು ಎಂದು ತಿಳಿಯುವ ಮೊದಲೇ ತಿರುಗಿ ಮಲಗುತ್ತಿದ್ದ. ಊಟ ರುಚಿಯಾಗಿದೆಯಾ ಎಂದು ಹೆಂಡತಿ ಕೇಳಿದರೆ ತಟ್ಟೆ ನೋಡಿ ಉತ್ತರ ಹೇಳುತ್ತಿದ್ದ. ದುಃಖವಾಗುತ್ತಿದೆಯೇ ಎಂದು ತನ್ನನ್ನೇ ಕೇಳಿಕೊಂಡರೆ ಒಳಗಿನಿಂದ ಯಾರೂ ಓಗೊಡುತ್ತಿರಲಿಲ್ಲ. ಇದಕ್ಕೆ ಹೆದರಬೇಕು ಎಂದು ಅವನಿಗೆ ಗೊತ್ತಿತ್ತು, ಆದರೆ ಹೆದರಿಕೆಯೂ ಬರಲಿಲ್ಲ.

ಹೆಂಡತಿ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುವವಳು. 'ಪ್ರಯಾಣಿಕರ ಗಮನಕ್ಕೆ' ಎಂದು ಇಡೀ ದಿನ ಊರಿಗೆಲ್ಲ ಕೇಳುವಂತೆ ಹೇಳಿ, ಮನೆಗೆ ಬರುವಷ್ಟರಲ್ಲಿ ಗಂಟಲು ಕಟ್ಟಿ ಪಿಸುಮಾತಿನಲ್ಲಿ ಸಂಸಾರ ನಡೆಸುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲಿ ಅವನೂ ಮಗಳೂ ಇಬ್ಬರೇ. ಮಗಳನ್ನು ಗುಬ್ಬಿ ಎನ್ನುತ್ತಿದ್ದರು. ಐದು ತುಂಬದ ಅವಳು ಅರ್ಧ ದಿನದ ಶಾಲೆ ಮುಗಿಸಿ ಬಂದು ಉಳಿದರ್ಧ ದಿನ ಅಪ್ಪನಿಗೆ ಪಾಠ ಮಾಡುತ್ತಿದ್ದಳು.

ಅಪ್ಪ ಆಸ್ಪತ್ರೆಯಿಂದ ಕೈಗೆ ಬಟ್ಟೆ ಸುತ್ತಿಕೊಂಡು ಬಂದ ದಿನ ಗುಬ್ಬಿ ಅವನ ತೋರುಬೆರಳು ಹಿಡಿದೆಳೆದು, "ಅಪ್ಪ ಯಾಕೆ ತಿರುಗಿ ಹಿಡ್ಕೊಳ್ತಿಲ್ಲ?" ಎಂದಿದ್ದಳು. ಅಮ್ಮ ತಟ್ಟನೆ, "ಅಪ್ಪನ ಕೈ ಪಾಚಿ ಮಾಡ್ತಿದೆ ಪುಟ್ಟಾ, ಎಬ್ಬಿಸ್ಬೇಡ" ಎಂದಳು. ಮಕ್ಕಳ ಭಾಷೆಯಲ್ಲಿ ಪಾಚಿ ಎಂದರೆ ನಿದ್ದೆ. ತೊಟ್ಟಿಲಲ್ಲಿ ತಟ್ಟುವಾಗಿನಿಂದ ಗುಬ್ಬಿ ಕೇಳಿದ ಮಾತು ಅದು. ಅವಳು ಆ ಬೆರಳನ್ನು ಮೆಲ್ಲಗೆ ಕೆಳಗಿಟ್ಟು, ತುಟಿಯ ಮೇಲೆ ಬೆರಳಿಟ್ಟು 'ಶ್' ಎಂದಳು. ಅಂದಿನಿಂದ ಆ ಮನೆಯಲ್ಲಿ ಕೈಯ ಸುದ್ದಿ ಬಂದರೆ ಪಾಚಿ ಎಂದೇ ಮಾತು. ದೊಡ್ಡವರಿಗೂ ಆ ಶಬ್ದ ಅನುಕೂಲವಾಗಿತ್ತು. 'ಇನ್ನೂ ಪಾಚಿ ಮಾಡ್ತಿದೆಯಾ?' ಎಂದು ಊಟ ಬಡಿಸುತ್ತಲೇ ಕೇಳಬಹುದಿತ್ತು.

ಹೀಗಿರುವಾಗ ತೊಟ್ಟಿ ಬಂತು. ಮೂರು ಬಕೆಟ್ ಉಪ್ಪುನೀರು ಹಿಡಿಯುವ ಗಾಜಿನ ಪೆಟ್ಟಿಗೆ. ಒಳಗೆ ತೂತುತೂತು ಕಲ್ಲುಗಳು, ಕಲ್ಲಿಗೆ ಅಂಟಿಕೊಂಡ ಅಣಬೆಯಂಥ ಚಪ್ಪಟೆಯ, ಮೆತ್ತನೆಯ ಕೆಂಪು ಜೀವಂತ ಹವಳ, ಎರಡು ಕಿತ್ತಳೆ ಮೀನು. ಇದೆಲ್ಲ ಇದೆ ಎಂದು ನಂಬಬೇಕಿತ್ತು, ಯಾಕೆಂದರೆ ಕಾಣುತ್ತಿದ್ದದ್ದು ಬರೀ ಹಸಿರು. ಕಲ್ಲಿನ ಮೇಲೆಲ್ಲ ಬಾಚದ ತಲೆಗೂದಲಿನಂಥ ಎಳೆಗಳು, ಗಾಜಿನ ಮೇಲೆ ಲೋಳೆ.

"ಅಯ್ಯೋ ದೇವರೇ, ಎಷ್ಟೊಂದು ಪಾಚಿ!" ಎಂದಳು ಅಮ್ಮ, ಇದ್ದಷ್ಟು ದನಿಯಲ್ಲಿ.

ಗುಬ್ಬಿ ತೊಟ್ಟಿ ನೋಡಿದಳು. ಅಪ್ಪನ ಕೈ ನೋಡಿದಳು. ಮತ್ತೆ ತೊಟ್ಟಿ ನೋಡಿದಳು. ಯಾವುದಕ್ಕೂ 'ಯಾಕೆ' ಕೇಳದೆ ಬಿಡದ ಹುಡುಗಿ ಅವತ್ತು ಏನೂ ಕೇಳಲಿಲ್ಲ. ಮಕ್ಕಳು ಸುಮ್ಮನಾದರೆ ದೊಡ್ಡವರು ಜಾಣ ಮಗು ಅಂದುಕೊಳ್ಳುತ್ತಾರೆ. ಇವರೂ ಹಾಗೇ ಅಂದುಕೊಂಡರು.

ಮರುದಿನ ಅಪ್ಪ ಮಗಳು ಮೀನಂಗಡಿಗೆ ಹೋದರು. ಅಂಗಡಿಯವನು ಗಾಜಿನ ಗೋಡೆಗಳ ನಡುವೆ ಕೂತು ಕೂತು ತಾನೂ ಸ್ವಲ್ಪ ಮೀನಿನ ಹಾಗೆ ಕಣ್ಣು ಬಿಡುತ್ತಿದ್ದ.

"ಯಾವ ನೀರು ಹಾಕ್ತಿದ್ರು?"

"ನಲ್ಲಿ ನೀರಿಗೆ ಉಪ್ಪು ಬೆರೆಸಿ."

"ಊಟ?"

"ಹಲ್ಲು ತೋರಿಸೋಕೆ ಬಂದವರೆಲ್ಲ ಒಂದೊಂದು ಚಿಟಿಕೆ."

"ಸರಿ ಹೋಯ್ತು. ಮೀನು ಸಾಕಿಲ್ಲ ಸಾರ್, ಅವ್ರು ಪಾಚಿ ಸಾಕಿದಾರೆ!" ಎಂದು ಅವನು ತನ್ನ ಮಾತಿಗೆ ತಾನೇ ನಕ್ಕ. ನಗು ಮುಗಿಸಿ ಮದ್ದು ಹೇಳಿದ. ಸೋಸಿದ ನೀರಲ್ಲೇ ಉಪ್ಪು ಬೆರೆಸಬೇಕು. ದಿನ ಬಿಟ್ಟು ದಿನ ಒಂದೇ ಚಿಟಿಕೆ ಊಟ. ಕಲ್ಲುಗಳನ್ನು ಬಕೆಟ್ಟಿಗೆ ತೆಗೆದು, ಹೊರಗೇ ಬ್ರಶ್ಶಿನಿಂದ ಉಜ್ಜಬೇಕು, ತೊಟ್ಟಿಯೊಳಗೆ ಉಜ್ಜಿದರೆ ಚೂರು ಎಲ್ಲ ಕಡೆ ಹೋಗಿ ಮತ್ತೆ ಚಿಗುರುತ್ತದೆ. ಎಲ್ಲ ಉಜ್ಜಿದ ಮೇಲೆ ಮೂರು ದಿನ ಕಪ್ಪು ಬಟ್ಟೆ ಹೊದಿಸಿ ಕತ್ತಲಲ್ಲಿಡಬೇಕು. ಇಣುಕಿಯೂ ನೋಡಬಾರದು.

"ಅದು ಕಚ್ಚುತ್ತಾ?" ಗುಬ್ಬಿ ಕೇಳಿದಳು.

"ಏನು, ಪಾಚಿನಾ? ಇಲ್ಲಮ್ಮಾ, ಅದೇ ಅದರ ಮೋಸ. ಕಚ್ಚಲ್ಲ, ನೋಯಿಸಲ್ಲ, ಸದ್ದಿಲ್ಲ. ಒಂದ್ಕಡೆ ಶುರುವಾಗಿ ಹಾಗೇ ಹರಡ್ತಾ ಹೋಗುತ್ತೆ. ಹವಳನೆಲ್ಲ ಮುಚ್ಚಿಬಿಡುತ್ತೆ. ಆಮೇಲೆ ಹವಳ ಬಾಯೇ ಬಿಡಲ್ಲ."

ಗುಬ್ಬಿ ಮನೆ ಮುಟ್ಟುವವರೆಗೂ ಅಪ್ಪನ ಎಡಗೈ ಹಿಡಿದೇ ನಡೆದಳು. ಬಲಗೈ ಕಡೆಗೆ ಬರಲಿಲ್ಲ.

ಕೆಲಸ ಸಾಗಿತು. ಹಲ್ಲಿನ ಆಸ್ಪತ್ರೆಯಲ್ಲಿ ಬಿಟ್ಟಿ ಹಂಚುವ ಬ್ರಶ್ಶುಗಳು ಮನೆಯಲ್ಲಿ ಬೇಕಾದಷ್ಟಿದ್ದವು. ಅಪ್ಪ ಮಗಳು ಹಿತ್ತಲ ಬಾಗಿಲ ಬಳಿ ಬಕೆಟ್ ಇಟ್ಟುಕೊಂಡು ಒಂದೊಂದೇ ಕಲ್ಲು ಉಜ್ಜುತ್ತಿದ್ದರು. "ಮೇಲಿಂದ ಕೆಳಕ್ಕೆ, ಮೆಲ್ಲಗೆ, ಸಂದಿ ಬಿಡಬಾರ್ದು" ಎಂದು ಅವನು ಹೇಳಿಕೊಡುತ್ತಿದ್ದ. ಡಾಕ್ಟ್ರಮ್ಮ ಹಲ್ಲುಜ್ಜುವುದನ್ನು ಹೇಳಿಕೊಡುವ ಮಾತನ್ನೇ ಕಲ್ಲಿಗೆ ಹೇಳುತ್ತಿದ್ದೇನೆ ಎಂದು ಅವನಿಗೆ ಹೊಳೆಯಿತು. ಮೊದಲಾಗಿದ್ದರೆ ಅದಕ್ಕೆ ಒಂದು ದಿನವೆಲ್ಲ ನಗುತ್ತಿದ್ದ.

ಒಂದು ಮಧ್ಯಾಹ್ನ ಹವಳದ ಬುಡದಲ್ಲಿದ್ದ ಎಳೆಗಳನ್ನು ಹೆಬ್ಬೆರಳು ತೋರುಬೆರಳಿಂದ ಚಿವುಟಿ ಎಳೆದ. ಕೈ ನೀರಿನಿಂದ ಮೇಲೆ ಬಂದಾಗ ನೋಡಿದರೆ ಬೆರಳ ಸಂದಿಯಲ್ಲಿ ಹಸಿರಿನ ಜೊತೆ ಕೆಂಪೂ ಇತ್ತು. ಅರ್ಧ ಹವಳ ಹರಿದು ಬಂದಿತ್ತು. ಪಾಚಿ ನಾರುನಾರು, ಹವಳ ಮಾಂಸದಂತೆ ದಪ್ಪ, ಯಾವ ಬೆರಳಿಗಾದರೂ ತಿಳಿಯುವ ವ್ಯತ್ಯಾಸ. ಕಣ್ಣಿಗೆ ಕಂಡ ಮೇಲೇ ಅವನಿಗೆ ತಿಳಿದದ್ದು. ಗುಬ್ಬಿ ಆ ಕಡೆ ತಿರುಗಿದ್ದಾಗ ಹರಿದ ಚೂರನ್ನು ಕಲ್ಲಿನ ಹಿಂದೆ ತುರುಕಿದ.

ಹೀಗೆ ತುರುಕಿಡುವುದು ಅವನಿಗೆ ಆಗಲೇ ರೂಢಿಯಾಗಿತ್ತು. ಮೋಸ ಮಾಡಬೇಕು ಎಂದು ಶುರುವಾದದ್ದಲ್ಲ ಅದು. ದಿನಾ ಸಂಜೆ ಹೆಂಡತಿ ಬಂದವಳೇ, "ಬಂತೇನ್ರೀ?" ಎನ್ನುತ್ತಿದ್ದಳು, ಬೆರಳಿಗೆ ಜೀವ ಬಂತೇ ಎಂದು. ದಿನಾ ಇಲ್ಲ ಎನ್ನುತ್ತಿದ್ದ. ಒಂದು ಸಂಜೆ ಅವಳ ಮುಖ ನೋಡಿ, ಸುಮ್ಮನೆ, "ಸ್ವಲ್ಪ" ಎಂದುಬಿಟ್ಟ. ಅವಳು ಚೀಲ ಕೆಳಗಿಡುವುದನ್ನೂ ಮರೆತು ಅತ್ತಳು. ಆ 'ಸ್ವಲ್ಪ'ವನ್ನು ವಾಪಸು ಪಡೆಯುವುದು ಹೇಗೆ? ಮರುದಿನ ಅದು 'ಇನ್ನೂ ಸ್ವಲ್ಪ' ಆಯಿತು. ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಕಣ್ಣು ಮುಚ್ಚಿಸಿ ಹತ್ತಿಯಿಂದ ಬೆರಳು ಮುಟ್ಟಿ, "ಮುಟ್ಟಿದಾಗ ಹೇಳಿ" ಎಂದರು. ಅವರು ಮುಂದಕ್ಕೆ ಬಾಗಿದಾಗಲೆಲ್ಲ ಕುರ್ಚಿ ಕಿರ್ರೆನ್ನುತ್ತಿತ್ತು. ಕುರ್ಚಿ ಕಿರ್ರೆಂದಾಗಲೆಲ್ಲ ಅವನು "ಹೂಂ" ಎಂದ. ಡಾಕ್ಟರಿಗೂ ಖುಷಿಯಾಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ಇವನು ಕುಡಿದದ್ದು ಹಾಲೂ ಅಲ್ಲ.

ಎಲ್ಲರ ಖುಷಿ ಸೇರಿ ಡಾಕ್ಟ್ರಮ್ಮನಿಗೆ ಮುಟ್ಟಿತು.

"ಸೋಮವಾರ ಬಂದ್ಬಿಡಿ ಮೇಸ್ತ್ರಿ" ಎಂದರು ಫೋನಿನಲ್ಲಿ. "ಆ ಪಾಚಿ ಅಜ್ಜ ಇದ್ದಾರಲ್ಲ, ನಮ್ಮ ಮಾನ ತೆಗೆದವರು? ಅವರದು ಎಲ್ಲಾ ಹಲ್ಲೂ ತೆಗೆದಾಯ್ತು. ಸಕ್ಕರೆ ಕಾಯಿಲೆ ಬೇರೆ, ಒಸಡು ಒಂದ್ಸಲ ಹುಣ್ಣಾದ್ರೆ ಮಾಯೋದೇ ಇಲ್ಲ. ಬೇರೆಯವರ ಕೈಗೆ ಕೊಡೋಕೆ ನನಗೆ ಧೈರ್ಯ ಇಲ್ಲ. ಆ ಸೆಟ್ಟು ನಿಮ್ಮ ಬೆರಳು ದಾಟಿನೇ ಬರ್ಬೇಕು. ಈಗಲೂ ಕೇಳ್ತಿದ್ದೀನಿ, ಕೈ ಸರಿ ಇದೆ ತಾನೇ? ಇಲ್ಲ ಅಂದ್ರೆ ಇಲ್ಲ ಅನ್ನಿ, ಬೇರೆ ಕಡೆಯಿಂದ ಯಾರನ್ನಾದ್ರೂ ಕರೆಸ್ತೀನಿ."

ಬೇರೆಯವರು ಬಂದು ಆ ಸಣ್ಣ ಕೋಣೆಯಲ್ಲಿ ಕೂತರೆ ಮತ್ತೆ ಏಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕೋಣೆಯಲ್ಲಿರುವುದು ಒಂದೇ ಕುರ್ಚಿ.

"ಸರಿ ಇದೆ" ಎಂದ.

ಫೋನಿಟ್ಟು, ಪೆಟ್ಟಿಗೆಯಿಂದ ಹಳೆಯ ಸೆಟ್ಟೊಂದನ್ನು ತೆಗೆದು ಕಣ್ಣು ಮುಚ್ಚಿ ಅಂಚಿನ ಮೇಲೆ ತೋರುಬೆರಳು ಹಾಯಿಸಿದ. ಏನೂ ಇಲ್ಲ. ಗಾಳಿಯಲ್ಲಿ ಬೆರಳಾಡಿಸಿದ ಹಾಗಿತ್ತು. ಎಡಗೈ ಬೆರಳಿಗಾಗಲಿ ಕಿರುಬೆರಳಿಗಾಗಲಿ ಅಷ್ಟು ವರ್ಷದ ಆ ಪಳಗಿಕೆ ಇರಲಿಲ್ಲ. ಅದೇ ಅಂಚನ್ನು ಕೆಳತುಟಿಗೆ ಒತ್ತಿ ಎಳೆದ. ತುಟಿಗೆ ಸ್ವಲ್ಪ ತಿಳಿಯಿತು. ತುಟಿಯಿಂದಲೇ ನೋಡಿಕೊಂಡರಾಯಿತು, ಯಾರು ನೋಡುತ್ತಾರೆ ಎಂದುಕೊಂಡ. ಕನ್ನಡಿಯಲ್ಲಿ ನೋಡಿದರೆ ತುಟಿಯ ಮೇಲೆ ಒಂದು ಕೆಂಪು ಗೆರೆ. ಅಲ್ಲಿದ್ದ ಮುಳ್ಳು ತುಟಿಗೂ ಗೊತ್ತಾಗದೆ ಗೀರಿತ್ತು. ಆ ಅಜ್ಜನ ಒಸಡಿನ ಯೋಚನೆ ಬಂತು, ಬಂದ ಹಾಗೆಯೇ ಹೋಯಿತು. ಅವನು ಹೋಗಿ ಮಲಗಿದ.

ಗುರುವಾರ ತೊಟ್ಟಿಗೆ ಕಪ್ಪು ಬಟ್ಟೆ ಹೊದಿಸಿದರು. ಹೆಂಡತಿಯ ಹಳೆಯ ಶಾಲು. ಗುಬ್ಬಿ ನೆಲಕ್ಕೆ ಕೂತು ಕಾವಲು ಕಾದಳು. ಬಂದವರಿಗೆಲ್ಲ, "ಮುಟ್ಬೇಡಿ, ಒಳಗೆ ಪಾಚಿ ಹೋಗ್ತಿದೆ" ಎನ್ನುತ್ತಿದ್ದಳು. ಆ ಮೂರು ದಿನ ಅಪ್ಪನನ್ನೂ ಗಮನಿಸಿದಳು. ಅಪ್ಪ ಸೋಫಾದಿಂದ ಹಾಸಿಗೆಗೆ, ಹಾಸಿಗೆಯಿಂದ ಸೋಫಾಕ್ಕೆ. ಕೇಳಿದ್ದಕ್ಕೆ ಹೂಂ, ಕೇಳದಿದ್ದರೆ ಅದೂ ಇಲ್ಲ.

ಭಾನುವಾರ ಊಟಕ್ಕೆ ಮುಂಚೆ ಶಾಲು ತೆಗೆದರು. ಹೆಂಡತಿ ರಜೆಯವರ ಬದಲಿಗೆ ನಿಲ್ದಾಣಕ್ಕೆ ಹೋಗಿದ್ದಳು. ತೊಟ್ಟಿಯೊಳಗೆ ಉಳಿದಿದ್ದ ಹಸಿರು ಕೂದಲೆಲ್ಲ ಬಿಳಿಚಿಕೊಂಡು ಜೋಲುತ್ತಿತ್ತು, ಮುಟ್ಟಿದರೆ ಉದುರುತ್ತಿತ್ತು. ಮೀನುಗಳು ಬೆಳಕಿಗೆ ಬೆಚ್ಚಿ ಓಡಾಡಿದವು. ಉಳಿದ ಚೂರುಪಾರನ್ನು ಉಜ್ಜಿ, ಸೋಸಿದ ನೀರು ತುಂಬಿದ ಮೇಲೆ ಗಾಜಿನಾಚೆಗೆ ಕಲ್ಲಿನ ಕಂದು, ಹವಳದ ಕೆಂಪು ಎಲ್ಲ ಕಂಡಿತು. ಗುಬ್ಬಿ ಚಪ್ಪಾಳೆ ತಟ್ಟಿ ಕುಣಿದಳು.

"ಹೋಯ್ತು! ಪಾಚಿ ಹೋಯ್ತು! ಅಪ್ಪಾ, ಉಜ್ಜಿದ್ರೆ ಹೋಗೇ ಹೋಗುತ್ತಲ್ವಾ?"

"ಹೋಗುತ್ತೆ."

"ಎಲ್ಲಾ ಪಾಚಿನೂ?"

"ಹೂಂ."

"ನೀನು ನಾಳೆ ಕೆಲ್ಸಕ್ಕೆ ಹೋಗ್ತೀಯಾ?"

"ಹೋಗ್ಬೇಕು."

ಊಟವಾಯಿತು. ಬಕೆಟ್ಟು ಬ್ರಶ್ಶು ಇದ್ದಲ್ಲೇ ಬಿಟ್ಟು ಅವನು ಚಾಪೆಯ ಮೇಲೆ ಉರುಳಿಕೊಂಡ, ಬಲಗೈ ಚಾಪೆಯಿಂದಾಚೆ ಅಂಗಾತ ಬಿದ್ದಿತ್ತು. ಇತ್ತೀಚೆಗೆ ಅವನಿಗೆ ನಿದ್ದೆ ಎಂದರೆ ಬಾವಿಗೆ ಕಲ್ಲು ಬಿದ್ದ ಹಾಗೆ. ಕನಸಿನಲ್ಲಿ ಬಸ್ಸಿನಲ್ಲಿ ಹೋಗುತ್ತಿದ್ದ. ರಸ್ತೆ ಸರಿಯಿರಲಿಲ್ಲ, ತೋಳು ಕುಲುಕುತ್ತಿತ್ತು. ಮೈಕಿನಲ್ಲಿ ಹೆಂಡತಿ ಯಾವುದೋ ಊರಿನ ಹೆಸರು ಹೇಳುತ್ತಿದ್ದಳು, ಅವನಿಗೆ ಕೇಳಿಸುತ್ತಿರಲಿಲ್ಲ.

ಆಮೇಲೆ ಕೇಳಿಸಿತು. ಅದು ಹೆಂಡತಿಯ ದನಿಯೇ, ಆದರೆ ಊರಿನ ಹೆಸರಲ್ಲ.

"ಗುಬ್ಬೀ! ಏನೇ ಮಾಡ್ತಿದೀಯ! ಅಯ್ಯೋ, ರೀ! ಏಳ್ರೀ!"

ಕಣ್ಣು ಬಿಟ್ಟ. ಹೆಂಡತಿ ಬಾಗಿಲಲ್ಲಿ ಚೀಲ ಬಿಟ್ಟು ನಿಂತಿದ್ದಳು. ಪಕ್ಕದಲ್ಲಿ ಗುಬ್ಬಿ ಮಂಡಿಯೂರಿ ಕೂತಿದ್ದಳು. ಒಂದು ಕೈಯಲ್ಲಿ ಬ್ರಶ್ಶು, ಇನ್ನೊಂದರಲ್ಲಿ ಅವನ ತೋರುಬೆರಳು, ಮಗ್ಗುಲಲ್ಲಿ ಬಕೆಟ್ಟು. ಅವಳ ಗಲ್ಲದ ಮೇಲೆ ಬೆವರಿತ್ತು. ಅವನ ಕೈಕೆಳಗೆ ಹಾಸಿದ ಟವೆಲ್ಲು ಅಲ್ಲಲ್ಲಿ ಕೆಂಪಾಗಿತ್ತು. ಜೀವವಿಲ್ಲದ ಬೆರಳಿನ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿರುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರರ ತುದಿಯೂ ಸುಲಿದು, ಉಪ್ಪುನೀರಿನಲ್ಲಿ ನೆನೆದು, ರಕ್ತ ಜಿನುಗುತ್ತಿತ್ತು. ಮೇಲಿಂದ ಕೆಳಕ್ಕೆ, ಮೆಲ್ಲಗೆ, ಸಂದಿ ಬಿಡದೆ ಉಜ್ಜಿದ್ದಳು.

ಗಾಯಕ್ಕೆ ಉಪ್ಪು ಸವರಿದರೆ ಸತ್ತವನೂ ಎದ್ದು ಕೂರುತ್ತಾನೆ ಅನ್ನುತ್ತಾರೆ. ಅವನು ತನ್ನ ಕೈಯನ್ನು ಎದುರು ಮನೆಯವರ ಕೈ ನೋಡುವ ಹಾಗೆ ನೋಡಿದ.

ಹೆಂಡತಿ ಓಡಿಬಂದು ಅವನ ಮಣಿಕಟ್ಟು ಹಿಡಿದಳು. ಬೆರಳುಗಳನ್ನು ನೋಡಿದಳು, ಅವನ ಮುಖ ನೋಡಿದಳು.

"ನಿಮಗೆ ಎಚ್ಚರ ಆಗ್ಲಿಲ್ವಾ?"

ಅವನು ಬೆರಳುಗಳನ್ನು ಮಡಚಿ ಮುಚ್ಚಿಕೊಂಡ.

"ಬಂದಿದೆ ಅಂದ್ರಲ್ಲ. ಸ್ವಲ್ಪ ಅಂದ್ರಿ. ಅರ್ಧ ಬಂತು ಅಂದ್ರಿ. ಮೊನ್ನೆ ಪೂರ್ತಿ ಅಂದ್ರಿ."

"ಸ್ವಲ್ಪ..." ಎಂದು ಶುರುಮಾಡಿದ, ಅಭ್ಯಾಸಬಲದಿಂದ.

"ಸಾಕು ಮಾಡ್ರೀ! ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?" ಗಂಟಲು ಒಡೆದು ಅವಳ ದನಿ ಅಲ್ಲೇ ನಿಂತಿತು. ಆಮೇಲೆ ಆಡಿದ್ದೆಲ್ಲ ಬರೀ ಉಸಿರು. ಆ ಉಸಿರಿನಲ್ಲೇ ಮಗಳ ಕಡೆ ತಿರುಗಿ, "ನಿನಗ್ಯಾರೇ ಹೇಳಿದ್ದು ಅಪ್ಪನ ಕೈ ಉಜ್ಜು ಅಂತ?" ಎಂದಳು.

ಗುಬ್ಬಿಯ ಕೆಳತುಟಿ ಹೊರಗೆ ಬಂದಿತ್ತು. ಅಳು ಇನ್ನೂ ಬಂದಿರಲಿಲ್ಲ, ದಾರಿಯಲ್ಲಿತ್ತು.

"ನೀನೇ ಹೇಳಿದ್ದು, ಅಪ್ಪನ ಕೈ ಪಾಚಿ ಅಂತ. ಅಂಗಡಿ ಮಾಮ ಹೇಳಿದ್ರು, ಬಿಟ್ರೆ ಹರಡುತ್ತೆ ಅಂತ. ನಿಜವಾಗ್ಲೂ ಹರಡಿದೆ ಅಮ್ಮಾ." ಅವಳು ಬ್ರಶ್ಶಿನಿಂದ ತೋರಿಸಿದಳು, ಮೊದಲು ಕೈ, ಆಮೇಲೆ ತೋಳು, ಆಮೇಲೆ ಅಪ್ಪನ ಮುಖ. "ಇಲ್ಲಿಂದ ಇಲ್ಲಿಗೆ ಬಂತು. ಬಾಯಿಗೂ ಬಂದಿದೆ. ಅದಕ್ಕೇ ಅಪ್ಪ ಮಾತಾಡಲ್ಲ. ಇಲ್ಲಿಗೂ ಬಂದಿದೆ" ಎಂದು ಅವನ ಎದೆ ಮುಟ್ಟಿದಳು. "ಅದು ನೋಯಲ್ಲ, ಅದಕ್ಕೇ ಅಪ್ಪಂಗೆ ಗೊತ್ತಿಲ್ಲ."

ಹೆಂಡತಿ ನೆಲಕ್ಕೆ ಕೂತುಬಿಟ್ಟಳು.

ಗುಬ್ಬಿ ಅಪ್ಪನ ಕಡೆ ಬಾಗಿ, ಗುಟ್ಟು ಕೇಳುವ ಹಾಗೆ ಕೇಳಿದಳು. "ಎದ್ದಿತಾ ಅಪ್ಪಾ ಕೈ? ನಾನು ಉಜ್ಜಿದ್ದು ಗೊತ್ತಾಯ್ತಾ?"

ಎಷ್ಟೋ ಜನ ಅವನಿಗೆ ಇದನ್ನೇ ಕೇಳಿದ್ದರು, ಹತ್ತಿ ಹಿಡಿದು, ಫೋನು ಹಿಡಿದು, ಸಂಜೆಯ ಚೀಲ ಹಿಡಿದು. ಎಲ್ಲರಿಗೂ ಅವರವರಿಗೆ ಬೇಕಾದ ಉತ್ತರ ಕೊಟ್ಟಿದ್ದ. ಇವಳಿಗೂ ಹೂಂ ಅಂದರೆ ಕುಣಿಯುತ್ತಾಳೆ, ನಾಳೆ ಬೆಳಿಗ್ಗೆ ಆ ಕೈ ಹೋಗಿ ಅಜ್ಜನ ಬಾಯಿಗೆ ಮುಳ್ಳು ಇಡುತ್ತದೆ.

"ಇಲ್ಲ ಪುಟ್ಟಾ" ಎಂದ. "ಗೊತ್ತಾಗ್ಲಿಲ್ಲ. ಏನೂ ಗೊತ್ತಾಗ್ಲಿಲ್ಲ. ಮೊದಲಿಂದಲೂ ಗೊತ್ತಾಗಿಲ್ಲ."

ದಾರಿಯಲ್ಲಿದ್ದ ಅಳು ಆಗ ಬಂತು. ಅಷ್ಟು ಹೊತ್ತು ಕಷ್ಟಪಟ್ಟು ಉಜ್ಜಿದ್ದೆಲ್ಲ ದಂಡವಾಯಿತಲ್ಲ ಎಂದು ಗುಬ್ಬಿ ಗೊಳೋ ಎಂದು ಅತ್ತಳು. ಅಮ್ಮ ಅವಳನ್ನು ತೊಡೆಗೆಳೆದುಕೊಂಡು, ಅವಳ ನೆತ್ತಿಯ ಮೇಲೆ ತಾನೂ ಅತ್ತಳು. ಅವನಿಗೆ ಅಳು ಬರಲಿಲ್ಲ. ಇಬ್ಬರನ್ನೂ ನೋಡುತ್ತ ಕೂತ.

ಮೂರು ಬೆರಳಿನ ಗಾಯ ತೊಳೆದು ಔಷಧ ಹಚ್ಚಿ ಬಟ್ಟೆ ಸುತ್ತಿದ್ದಾದ ಮೇಲೆ ಹೆಂಡತಿ ಫೋನ್ ಕೈಗೆ ತೆಗೆದುಕೊಂಡಳು. ಬಾಯಿ ತೆರೆದರೆ ದನಿಯೇ ಇಲ್ಲ.

"ಕೊಡು, ನಾನೇ ಹೇಳ್ತೀನಿ" ಎಂದು ಅವನು ಎಡಗೈ ಚಾಚಿದ.

ಹಲ್ಲಿನ ಆಸ್ಪತ್ರೆಯಲ್ಲಿ ಹಲ್ಲು ಕೀಳಿಸಿಕೊಂಡು ಹೊರಡುವವರಿಗೆಲ್ಲ ಡಾಕ್ಟ್ರಮ್ಮ ಒಂದೇ ಮಾತು ಹೇಳುತ್ತಿದ್ದರು. 'ಜೋಮು ಬಿಡೋವರೆಗೂ ಏನೂ ಅಗೀಬೇಡಿ, ಕೆನ್ನೆ ಕಚ್ಕೊಂಡ್ರೂ ನಿಮಗೆ ಗೊತ್ತಾಗಲ್ಲ.' ಹಿಂದಿನ ಕೋಣೆಯಲ್ಲಿ ಕೂತು ಅವನು ಆ ಮಾತನ್ನು ಸಾವಿರ ಸಲ ಕೇಳಿದ್ದ.

"ಡಾಕ್ಟ್ರಮ್ಮ, ನಾನು ಮೇಸ್ತ್ರಿ. ನಾಳೆ ಬರಲ್ಲ. ಜೋಮು ಬಿಟ್ಟಿಲ್ಲ."

ಆ ಕಡೆ ಟೀವಿಯ ಸದ್ದು ಆರಿತು.

"ಎಷ್ಟು ಬಿಟ್ಟಿಲ್ಲ?"

"ಪೂರ್ತಿ. ಸುಳ್ಳು ಹೇಳಿದ್ದೆ. ಅಜ್ಜನ ಸೆಟ್ಟು ಬೇರೆಯವರ ಕೈಲಿ ಮಾಡ್ಸಿ."

"ಆಯ್ತು" ಎಂದರು ಅವರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಬರೋರನ್ನ ಆ ಕುರ್ಚೀಲೇ ಕೂರಿಸ್ಬೇಕಾಗುತ್ತೆ ಮೇಸ್ತ್ರಿ."

"ಗೊತ್ತು."

"ಯಾಕೆ ಸುಳ್ಳು ಹೇಳಿದ್ರಿ ಅಂತ ಆಮೇಲೆ ಕೇಳ್ತೀನಿ. ನಾಳೆ ಮೊದಲು ಆ ನರದ ಡಾಕ್ಟರ ಹತ್ರ ಹೋಗಿ ನಿಜ ಹೇಳಿ."

ಹೂಂ ಎಂದು ಫೋನಿಟ್ಟ. ಕುರ್ಚಿ ಹೋಯಿತು. ಎದೆಯಲ್ಲಿ ಏನಾದರೂ ಆಗುತ್ತದೆಯೇ ಎಂದು ಕಾದ. ಏನೂ ಆಗಲಿಲ್ಲ. ಹೆಂಡತಿ ಒಳಗೆ ನೀರು ಕಾಯಿಸಿಕೊಳ್ಳಲು ಹೋದಳು. ಅವಳು ಮುನಿದಿದ್ದಳು, ಮುನಿಸು ಎಷ್ಟು ದಿನದ್ದು ಎಂದು ಗೊತ್ತಿಲ್ಲ. ಆದರೆ ಹೋಗುವಾಗ ಅವನ ಬೆನ್ನ ಹಿಂದೆ ದಿಂಬು ಸರಿಮಾಡಿ ಹೋದಳು.

ಅತ್ತು ಮುಗಿಸಿದ ಗುಬ್ಬಿ ತೊಟ್ಟಿಯ ಪಕ್ಕದಲ್ಲಿ ಮಡಚಿಟ್ಟಿದ್ದ ಕಪ್ಪು ಶಾಲು ಎಳೆದುಕೊಂಡು ಬಂದಳು. ಅವಳಿಗಿಂತ ಶಾಲೇ ದೊಡ್ಡದು.

"ಬರೀ ಉಜ್ಜಿದ್ರೆ ಸಾಲ್ದು" ಎಂದಳು, ಮೂಗು ಸೀಟಿಕೊಂಡು. "ಕತ್ತಲೆ ಮಾಡೋದು ಮರ್ತಿದ್ದೆ. ಕೈ ಕೊಡು."

ಅವನು ಬಟ್ಟೆ ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟ. ಅವಳು ಶಾಲನ್ನು ಎರಡು ಸುತ್ತು ಹೊದಿಸಿ, ಸಂದಿಯಲ್ಲಿ ಬೆಳಕು ಹೋಗದ ಹಾಗೆ ಅಂಚುಗಳನ್ನು ಒಳಗೆ ಸಿಕ್ಕಿಸಿದಳು. ಸಿಕ್ಕಿಸುವಾಗ ಅವಳ ಉಗುರು ಕಿರುಬೆರಳಿಗೆ ತಗುಲಿತು. ಆಗಿನ ಗಡಿಬಿಡಿಯಲ್ಲಿ ಅಲ್ಲಿಯೂ ಬ್ರಶ್ಶು ತಾಗಿ ಯಾರೂ ಗಮನಿಸದ ಒಂದು ಸಣ್ಣ ಗೀರಾಗಿತ್ತು, ಅದರೊಳಗೆ ಉಪ್ಪು ಇಳಿದಿತ್ತು.

"ಸ್ಸ್!" ಎಂದ.

ಗುಬ್ಬಿ ಕೈ ಹಿಂದಕ್ಕೆಳೆದುಕೊಂಡಳು. ಅವಳ ಕಣ್ಣು ಅರಳಿತು.

"ಉರೀತಾ?"

"ಕಿರುಬೆರಳು ಮಾತ್ರ. ಅದು ಯಾವಾಗ್ಲೂ ಎದ್ದೇ ಇರುತ್ತೆ ಪುಟ್ಟಾ."

"ಯಾವಾಗ್ಲೂನಾ? ಒಂದೇನಾ?"

"ಹೂಂ. ಅದೊಂದೇ."

ಗುಬ್ಬಿ ಶಾಲಿನ ಗಂಟನ್ನು ನೋಡುತ್ತ ಯೋಚಿಸಿದಳು. ಆಮೇಲೆ ಒಂದು ಮೂಲೆ ಸಡಿಲಿಸಿ, ಹುಡುಕಿ, ಕಿರುಬೆರಳನ್ನು ಮಾತ್ರ ಹೊರಗೆಳೆದಳು.

"ಪಾಪ, ನಿದ್ದೆ ಬರದೇ ಇರೋರನ್ನ ಕತ್ತಲಲ್ಲಿ ಇಡ್ಬಾರ್ದು" ಎಂದಳು.

ಉಳಿದದ್ದನ್ನು ಮತ್ತೆ ಮುಚ್ಚಿ, ಮೂರು ದಿನ ಯಾರೂ ಇಣುಕಬಾರದು ಎಂದು ಅಡುಗೆಮನೆಗೆ ಕೇಳುವಂತೆ ಹೇಳಿ, ಕಾವಲಿಗೆ ಪಕ್ಕದಲ್ಲೇ ಕೂತಳು. ಕೂತವಳು ಆ ಕಿರುಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡಳು. ಮುಷ್ಟಿ ಬೆಚ್ಚಗಿತ್ತು, ಸ್ವಲ್ಪ ಒದ್ದೆಯಾಗಿತ್ತು, ಗಟ್ಟಿಯಾಗಿ ಹಿಡಿದಿತ್ತು.

ಅದು ಅವನಿಗೆ ಗೊತ್ತಾಯಿತು. ಅವನು ಆ ಬೆರಳನ್ನು ಮಡಚಿ ತಿರುಗಿ ಹಿಡಿದುಕೊಂಡ.